ಬಡಿಸಿದವಳಿಗೂ ಒಂದು ಭರಣಿ

ಜಗಳೂರು ತಾಲ್ಲೂಕಿನ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ಒಂದು ಬಹಿರಂಗ ಪತ್ರ

ಜಗಳೂರು,
ವೈಶಾಖ ಮಾಸ

ಪ್ರಿಯ ಸೋದರಿಯರೆ,

ಕಳೆದ ವಾರ ನಮ್ಮ ಬಂಧುಗಳ ಮನೆಯಲ್ಲಿ ನಡೆದ ಸೀಮಂತದ ಊಟಕ್ಕೆ, ಹೋಳಿಗೆ ಕೋಸಂಬರಿಗಳ ಸಾಲಿನಲ್ಲಿ, ಅಂಗೈಯೊಳಗೆ ಹಿಡಿಯುವಷ್ಟು ಚಿಕ್ಕದಾದ ಗಾಜಿನ ಭರಣಿಗಳಲ್ಲಿ ಪದರಪದರವಾಗಿ ತುಂಬಿದ ಹಣ್ಣಿನ ಸಿಹಿಯೊಂದನ್ನು ಎಲೆಗೊಂದರಂತೆ ಇಟ್ಟಿದ್ದರು. ತಳದಲ್ಲಿ ಶೇಂಗಾ ಬೆಲ್ಲಗಳ ಕಂದು, ಅದರ ಮೇಲೆ ಗಟ್ಟಿ ಮೊಸರಿನ ಬಿಳುಪು, ಅದರ ಮೇಲೆ ಮಾವಿನ ಹೊಂಬಣ್ಣ, ನೆತ್ತಿಯಲ್ಲಿ ದಾಳಿಂಬೆಯ ಕೆಂಪು ಕಾಳು. ಒಂದೊಂದು ಪದರವೂ ಗಾಜಿನ ಹೊರಗಿನಿಂದಲೇ ಎಣಿಸಬಹುದಾದಷ್ಟು ಸ್ಪಷ್ಟವಾಗಿ ಕಾಣುತ್ತಿದ್ದಿತು. ಬೆಂಗಳೂರಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಹಿಂದಿನ ರಾತ್ರಿ ಕುಳಿತು, ಶೇಂಗಾ ಹುರಿಯುವುದಕ್ಕೆ ಬೇಕಾದಷ್ಟು ಬೆಂಕಿಯನ್ನುಳಿದು ಮತ್ತಾವ ಬೆಂಕಿಯ ಹಂಗೂ ಇಲ್ಲದೆ, ಇಂಥ 40 ಭರಣಿಗಳನ್ನು ಅಣಿಗೊಳಿಸಿದ್ದಳು. ಊಟ ಮುಗಿದ ಮೇಲೆ ನಿಮ್ಮಲ್ಲೊಬ್ಬ ತಾಯಿ ಬರಿದಾದ ಭರಣಿಯನ್ನು ಬೆಳಕಿಗೆ ಹಿಡಿದು ನೋಡುತ್ತ, “ಚಂದ ಐತಿ ಅಕ್ಕೋರೆ, ಆದ್ರೆ ಇದೆಲ್ಲಾ ಪ್ಯಾಟಿಯವ್ರ ತಿಂಡಿ, ನಮ್ಮ ಕೈಯಾಗ ಎಲ್ಲಿ ಆಕ್ಕತಿ?” ಎಂದರು. ಕೈತೊಳೆಯುವ ಗಡಿಬಿಡಿಯಲ್ಲಿ ಆಗ ನಾನು ಉತ್ತರ ಹೇಳಲಾಗಲಿಲ್ಲ. ಆದರೆ ಮೂವತ್ತು ವರ್ಷಕಾಲ ಈ ತಾಲ್ಲೂಕಿನ ಶಾಲೆಗಳಲ್ಲಿ ನಿಮ್ಮ ಎದುರಿಗೂ ನಿಮ್ಮ ಮಕ್ಕಳ ಎದುರಿಗೂ ನಿಂತು ಪಾಠ ಹೇಳಿದವಳು, ಕೇಳಿದ ಪ್ರಶ್ನೆಯೊಂದನ್ನು ಉತ್ತರವಿಲ್ಲದೆ ಬಿಟ್ಟುಬಿಡುವುದು ತಕ್ಕುದಲ್ಲವೆಂದು ತೋರಿ, ಒಬ್ಬರಿಗೆ ಹೇಳಬೇಕಾದುದನ್ನು ಎಲ್ಲರಿಗೂ ಹೇಳಿಬಿಡೋಣವೆಂದು ಈ ಪತ್ರವನ್ನು ಬರೆಯಲು ಕುಳಿತಿದ್ದೇನೆ.

ಉತ್ತರಕ್ಕೆ ಮೊದಲು ಒಂದು ಹಳೆಯ ನೆನಪನ್ನು ನಿಮ್ಮ ಮುಂದಿಡಬೇಕಾಗಿದೆ. ನಾನು ಹುಡುಗಿಯಾಗಿದ್ದ ಕಾಲದಲ್ಲಿ ನಮ್ಮ ಮನೆಯ ಶುಭಕಾರ್ಯಗಳಿಗೆ ಬಾಳೆಹಣ್ಣಿನ ರಸಾಯನ ತಪ್ಪುತ್ತಿರಲಿಲ್ಲ. ನಸುಕಿನಲ್ಲಿಯೇ ಎದ್ದ ನನ್ನ ತಾಯಿ ಗೊನೆಯಿಂದ ಹಣ್ಣನ್ನು ಕಿತ್ತು, ಸುಲಿದು, ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ಕಾಯಿಹಾಲು ಬೆಲ್ಲ ಏಲಕ್ಕಿಗಳೊಡನೆ ದೊಡ್ಡದೊಂದು ಕೊಳಗದಲ್ಲಿ ಕಲಸಿ, ಒದ್ದೆಯ ಬಟ್ಟೆಯನ್ನು ಹೊದಿಸಿ ಇಡುತ್ತಿದ್ದಳು. ಮೊದಲನೆಯ ಪಂಕ್ತಿ ಹಿರಿಯ ಗಂಡಸರದು, ಎರಡನೆಯದು ಬೀಗರ ಕಡೆಯವರದು, ಮೂರನೆಯದು ಮಕ್ಕಳದು. ಬೆಳಗಿನಿಂದ ಬೇಯಿಸಿ ಬಡಿಸಿದ ಹೆಂಗಸರು ಎಲೆಯ ಮುಂದೆ ಕೂರುವ ವೇಳೆಗೆ ಹೊತ್ತೂ ಇಳಿದಿರುತ್ತಿತ್ತು, ಕೊಳಗವೂ ಬರಿದಾಗಿರುತ್ತಿತ್ತು. ಒಂದು ಸಲ ನಾನು ಕೊಳಗದೊಳಗೆ ಇಣುಕುತ್ತಿದ್ದುದನ್ನು ಕಂಡು, ಅವಳು ತಳಕ್ಕೆ ಅಂಟಿದ್ದ ರಸವನ್ನು ಬೆರಳಿನಿಂದ ಬಳಿದು ನನ್ನ ನಾಲಗೆಗೆ ಇಟ್ಟಳು. “ನಿನಗೆ?” ಎಂದು ಕೇಳಿದೆ. “ಹೆಚ್ಚುವಾಗಲೇ ನಂದು ಆತು” ಎಂದಳು. ಅವಳು ಹೆಚ್ಚುವಾಗ ಅವಳ ಮಗ್ಗುಲಲ್ಲಿಯೇ ಕುಳಿತಿದ್ದ ನಾನು, ಅವಳು ಒಂದು ಬಿಲ್ಲೆಯನ್ನಾದರೂ ಬಾಯಿಗೆ ಇಟ್ಟುದನ್ನು ಕಂಡಿರಲಿಲ್ಲ.

ಸೀಮಂತದ ದಿನ ಆ ಭರಣಿಯನ್ನು ಕೈಗೆತ್ತಿಕೊಂಡಾಗ ಅದರ ಸೊಗಸಿಗಿಂತಲೂ ಹೆಚ್ಚಾಗಿ ನನ್ನ ಮನಸ್ಸನ್ನು ಹಿಡಿದುದು ಅದರ ಹಿಂದಿದ್ದ ಲೆಕ್ಕ. ಮನೆಯಲ್ಲಿ ಆ ದಿನ ಉಣ್ಣುವವರು ಎಷ್ಟು ಮಂದಿಯೋ ಅಷ್ಟು ಭರಣಿಗಳಿದ್ದುವು. ಆ ಎಣಿಕೆಯಲ್ಲಿ ಬಡಿಸುವ ಸೊಸೆಯರೂ, ಪಾತ್ರೆ ತೊಳೆಯಲು ಬಂದಿದ್ದ ಹೆಣ್ಣುಮಗಳೂ ಸೇರಿದ್ದರು. ಕೊಳಗದಲ್ಲಿ ಕಲಸಿದ ಸಿಹಿ ಮೊದಲು ಕುಳಿತವರಿಗೆ ಧಾರಾಳವಾಗಿ, ಕಡೆಗೆ ಕುಳಿತವರಿಗೆ ದೈವಾಧೀನವಾಗಿ ಸಲ್ಲುತ್ತದೆ. ಭರಣಿಯಲ್ಲಿ ತುಂಬಿದ ಸಿಹಿಯಾದರೋ ತುಂಬುವ ಹೊತ್ತಿಗೇ ಪ್ರತಿಯೊಬ್ಬರ ಪಾಲನ್ನೂ ನಿಶ್ಚಯಿಸಿ, ಮುಚ್ಚಳವಿಟ್ಟು, ಕಾಯ್ದಿರಿಸುತ್ತದೆ. ಈ ತಿನಿಸನ್ನು ನೀವು ಕಲಿಯಬೇಕೆಂದು ನಾನು ಬಯಸುವುದಕ್ಕೆ ಇದೇ ಮೊದಲನೆಯ ಕಾರಣ. ಮುಂದೆ ಹೇಳುವ ವಿಧಾನ, ವ್ಯಾಪಾರ, ಎಚ್ಚರಿಕೆಗಳೆಲ್ಲವೂ ಇದರ ಬೆನ್ನಿಗೆ ಬರತಕ್ಕವು.

ಇದು ಪೇಟೆಯವರ ತಿಂಡಿ ಎಂಬ ಮಾತಿಗೆ ಬರೋಣ. ಭರಣಿ ಪೇಟೆಯದಾಗಿರಬಹುದು, ಅದರೊಳಗಿನ ರುಚಿ ನಮ್ಮದೇ. ಮಾವಿನ ಹಣ್ಣನ್ನು ಹಿಂಡಿ, ಹಾಲು ಬೆಲ್ಲ ಬೆರೆಸಿ, ಚಪಾತಿಯ ಜೊತೆಗೆ ನಾವು ಉಣ್ಣುವ ಸೀಕರಣೆಯನ್ನೇ ನೋಡಿರಿ. ಆ ಹೆಸರು ಸಂಸ್ಕೃತದ ‘ಶಿಖರಿಣಿ’ ಎಂಬ ಶಬ್ದದಿಂದ ಇಳಿದು ಬಂದುದೆಂದು ತಿಳಿದವರು ಹೇಳುತ್ತಾರೆ. ಮೊಸರಿನ ನೀರನ್ನು ಬಸಿದು, ಸಕ್ಕರೆ ಏಲಕ್ಕಿಗಳನ್ನು ಕೂಡಿಸಿ ಮಾಡುವ ಶಿಖರಿಣಿಯ ಪ್ರಸ್ತಾಪವು ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಬರುತ್ತದೆ. ಅಡುಗೆಯೊಂದನ್ನೇ ವಸ್ತುವಾಗಿ ಇರಿಸಿಕೊಂಡು ಮಂಗರಸನು ಕನ್ನಡದಲ್ಲಿ ಷಟ್ಪದಿಯ ‘ಸೂಪಶಾಸ್ತ್ರ’ವನ್ನು ರಚಿಸಿದುದು 16ನೆಯ ಶತಮಾನದಲ್ಲಿ. ಪಾಕವಿದ್ಯೆಯನ್ನು ಕಾವ್ಯಕ್ಕೆ ಯೋಗ್ಯವೆಂದು ಎಣಿಸಿದ ನಾಡಿನ ಹೆಣ್ಣುಮಕ್ಕಳು, ಬಸಿದ ಮೊಸರು ಹಣ್ಣುಗಳನ್ನು ಒಂದು ಗಾಜಿನಲ್ಲಿ ಜೋಡಿಸಿದುದನ್ನು ಕಂಡು ಹಿಂಜರಿಯಬೇಕಾದ ಕಾರಣವಿಲ್ಲ.

ಪದರಪದರವಾಗಿ ಜೋಡಿಸುವ ಕಲೆಯೂ ನಮಗೆ ಅಪರಿಚಿತವಾದುದಲ್ಲ. ಕರಾವಳಿಗೆ ಪ್ರವಾಸ ಹೋಗಿ ಬಂದವರೆಲ್ಲರೂ ಎತ್ತರದ ಗಾಜಿನ ಲೋಟದಲ್ಲಿ ಹಣ್ಣಿನ ಹೋಳು, ಜೆಲ್ಲಿ, ಗೋಡಂಬಿ ದ್ರಾಕ್ಷಿ, ಬಗೆಬಗೆಯ ಐಸ್‌ಕ್ರೀಮುಗಳನ್ನು ಒಂದರ ಮೇಲೊಂದು ಇರಿಸಿ, ಉದ್ದನೆಯ ಚಮಚದೊಡನೆ ಕೊಡುವ ಗಡ್‌ಬಡ್ಡನ್ನು ಸವಿದೇ ಇರುತ್ತಾರೆ. ಅದು ಉಡುಪಿಯ ಡಯಾನಾ ಹೋಟೆಲಿನಲ್ಲಿ ಹುಟ್ಟಿತೆಂದು ಅಲ್ಲಿಯವರು ಹೇಳುತ್ತಾರೆ. ಮಂಗಳೂರಿನಲ್ಲಿ 1975ರಲ್ಲಿ ಆರಂಭವಾದ ಐಡಿಯಲ್ ಐಸ್‌ಕ್ರೀಮ್ ಸಂಸ್ಥೆಯವರ ಅಂಗಡಿಗಳು ಅದನ್ನು ನಾಡಿನ ನಾಲಗೆಗೆಲ್ಲ ಪರಿಚಯಿಸಿದುವು. ಆಂಗ್ಲರ ಟ್ರೈಫಲ್, ಅಮೆರಿಕನ್ನರ ಪಾರ್ಫೆ ಎಂಬವುಗಳೂ ಇದೇ ಬಳಗದವು. ಐಸ್‌ಕ್ರೀಮಿಗೆ ಯಂತ್ರ ಬೇಕು, ಕೇಕಿಗೆ ಓವನ್ ಬೇಕು. ನಾನು ಹೇಳಹೊರಟಿರುವ ಸಿಹಿಗೆ ಒಂದು ತೆಳುವಾದ ಬಟ್ಟೆ, ಒಂದು ಒರಳು ಅಥವಾ ಮಿಕ್ಸಿ, ಒಂದು ಚಾಕು, ಸಂಘಕ್ಕೆಲ್ಲ ಸೇರಿ ಒಂದು ಫ್ರಿಜ್ ಇದ್ದರೆ ಸಾಕು.

ಸಾಮಗ್ರಿಯ ಮಟ್ಟಿಗೆ ನಮ್ಮ ತಾಲ್ಲೂಕು ಬಡದಲ್ಲ. ಮಳೆ ಕಡಿಮೆಯೆಂದು ಹೆಸರಾದ ಈ ಸೀಮೆಯಲ್ಲಿ, ಬೇರೆ ಬೆಳೆ ಕೈಕೊಟ್ಟ ವರ್ಷಗಳಲ್ಲಿಯೂ ನಮ್ಮನ್ನು ಕೈಬಿಡದೆ ಸಾಕಿದ ಶೇಂಗಾ ನಮ್ಮ ಹೊಲದ್ದು. ಬೋರ್‌ವೆಲ್ಲಿನ ನೀರನ್ನು ಹನಿಹನಿಯಾಗಿ ಎಣಿಸಿ ಹಾಯಿಸಿ ದಾಳಿಂಬೆ ಪಪ್ಪಾಯಿಗಳನ್ನು ಬೆಳೆದ ರೈತರು ನಮ್ಮಲ್ಲಿದ್ದಾರೆ. ಹರಿಹರದ ಕಡೆಯಿಂದ ತುಂಗಭದ್ರೆಯ ನೀರನ್ನೆತ್ತಿ ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆ ಬಂದ ಮೇಲೆ, ತೋಟ ಮಾಡಬೇಕೆಂಬ ಆಸೆ ಇನ್ನಷ್ಟು ಮನೆಗಳಲ್ಲಿ ಚಿಗುರಿರುವುದನ್ನು ನಾನು ಕಾಣುತ್ತಿದ್ದೇನೆ. ಆದರೆ ಹಣ್ಣು ಬೆಳೆದವರ ಸಂಕಟವನ್ನೂ ಕಂಡಿದ್ದೇನೆ: ಮಂಡಿಯ ದರ ಬಿದ್ದ ದಿನ, ರೂಪದಲ್ಲಿ ಕೊಂಚ ಊನವಿದ್ದರೂ ರುಚಿಯಲ್ಲಿ ಏನೂ ಕೊರತೆಯಿಲ್ಲದ ಹಣ್ಣುಗಳು ಬುಟ್ಟಿಗಟ್ಟಲೆ ಹಿಂದಿರುಗಿ ಬಂದು ದನಗಳ ಮುಂದೆ ಬೀಳುತ್ತವೆ. ಒಡೆದ ದಾಳಿಂಬೆಯನ್ನು ವ್ಯಾಪಾರಿ ಒಲ್ಲೆನೆನ್ನುತ್ತಾನೆ. ಒಡೆದು ಅಂದೇ ಕೈಸೇರಿದ, ಒಳಗೆ ಶುದ್ಧವಾಗಿರುವ ದಾಳಿಂಬೆಯ ಕಾಳಿಗೆ ಭರಣಿಯಲ್ಲಿ ಯಾವ ಅವಮಾನವೂ ಇಲ್ಲ.

ಇನ್ನು ವಿಧಾನ. 200 ಮಿಲಿಲೀಟರ್ ಹಿಡಿಯುವ 10 ಭರಣಿಗಳಿಗೆ ಬೇಕಾದ ಲೆಕ್ಕವನ್ನು ಬರೆಯುತ್ತೇನೆ. ಹೆಚ್ಚಿಗೆ ಬೇಕಾದವರು ಇದನ್ನೇ ಗುಣಿಸಿಕೊಳ್ಳಬಹುದು. ತಳದ ಪದರಕ್ಕೆ 250 ಗ್ರಾಂ ಶೇಂಗಾವನ್ನು ಹದವಾಗಿ ಹುರಿದು, ಸಿಪ್ಪೆಯನ್ನು ಉಜ್ಜಿ ಕೇರಿ, 50 ಗ್ರಾಂ ಪುಟಾಣಿಯೊಡನೆ ತರಿತರಿಯಾಗಿ ಕುಟ್ಟಬೇಕು. 100 ಗ್ರಾಂ ಬೆಲ್ಲದ ಪುಡಿ, ಎರಡು ಚಮಚ ತುಪ್ಪ, ಒಂದು ಚಿಟಿಕೆ ಉಪ್ಪನ್ನು ಸೇರಿಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ಬೆರಳು ಸೋಕಿದರೆ ಉದುರುವ ಹದಕ್ಕೆ ಕಲಸಬೇಕು. ನಿಮಗೆ ಇದು ಹೊಸದೆನಿಸದು. ತಂಬಿಟ್ಟು ಕಟ್ಟಿದ ಕೈಗಳಿಗೆ ಈ ಹದವನ್ನು ಯಾರೂ ಕಲಿಸಬೇಕಾಗಿಲ್ಲ. ತುಪ್ಪವು ರುಚಿಗಾಗಿ ಮಾತ್ರವೆಂದು ತಿಳಿಯಬಾರದು. ಮೇಲಿನ ಮೊಸರಿನ ತೇವವನ್ನು ಕೆಳಗಿಳಿಯಗೊಡದೆ ಪುಡಿಯನ್ನು ಗರಿಗರಿಯಾಗಿ ಉಳಿಸುವುದು ಅದರ ನಿಜವಾದ ಕೆಲಸ. ಈ ಪುಡಿಯನ್ನು ಭರಣಿಗೆ ಮೂರು ಚಮಚದಂತೆ ಹಾಕಿ, ಚಮಚದ ಬೆನ್ನಿನಿಂದ ಮೃದುವಾಗಿ ಒತ್ತಿ ಸಮಮಾಡಿರಿ.

ಎರಡನೆಯ ಪದರಕ್ಕೆ ಎರಡು ಲೀಟರು ಗಟ್ಟಿ ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ಐದಾರು ಗಂಟೆಗಳ ಕಾಲ ನೀರು ಬಸಿಯಲು ಬಿಡಬೇಕು. ಬೇಸಿಗೆಯಲ್ಲಿ ಇದನ್ನು ಗೂಟಕ್ಕೆ ತೂಗುಹಾಕಿದರೆ ಬಸಿಯುವುದರೊಳಗೆ ಹುಳಿಯೇರುವುದರಿಂದ, ಜರಡಿಯಲ್ಲಿ ಇರಿಸಿ, ಕೆಳಗೊಂದು ಪಾತ್ರೆಯನ್ನಿಟ್ಟು ಫ್ರಿಜ್ಜಿನೊಳಗೆ ಬಿಡುವುದು ಕ್ಷೇಮ. ಮೊಸರು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದು ಬೆಣ್ಣೆಯಂತಾಗುತ್ತದೆ. ಬಸಿದ ನೀರನ್ನು ಚೆಲ್ಲದೆ ರೊಟ್ಟಿಯ ಹಿಟ್ಟಿಗೋ ಸಾರಿಗೋ ಬಳಸಿರಿ. ಗಟ್ಟಿಯಾದ ಮೊಸರಿಗೆ ಸುಮಾರು 150 ಗ್ರಾಂ ಜರಡಿಯಾಡಿದ ಬೆಲ್ಲದ ಪುಡಿ ಅಥವಾ ಸಕ್ಕರೆ ಪುಡಿ, ಆರು ಏಲಕ್ಕಿಯ ಪುಡಿಗಳನ್ನು ಹಾಕಿ ಗಂಟಿಲ್ಲದಂತೆ ಕಡೆದು, ಶೇಂಗಾದ ಮೇಲೆ ಎರಡು ಬೆರಳಿನಷ್ಟು ದಪ್ಪಕ್ಕೆ ಹರಡಬೇಕು. ಹರಡುವಾಗ ಮೊಸರನ್ನು ಮೊದಲು ಅಂಚಿನ ಸುತ್ತ ಇಳಿಬಿಟ್ಟು, ಆಮೇಲೆ ನಡುವನ್ನು ತುಂಬಿದರೆ ಗಾಜಿಗೆ ಕಲೆಯಾಗದೆ ಪದರ ಗೆರೆ ಕೊರೆದಂತೆ ನಿಲ್ಲುತ್ತದೆ. ಮೊಸರು ಒಲ್ಲದವರಿಗೆ ತೆಳು ಅವಲಕ್ಕಿಯನ್ನು ಕಾಯಿಹಾಲು ಬೆಲ್ಲಗಳಲ್ಲಿ ನೆನೆಸಿ ಇದೇ ಸ್ಥಾನದಲ್ಲಿ ಇರಿಸಬಹುದು; ಕಾಯಿಹಾಲು ಬಲುಬೇಗ ಕೆಡುವ ವಸ್ತುವಾದ ಕಾರಣ, ಅಂಥ ಭರಣಿಯನ್ನು ಹಿಂಡಿದ ದಿನವೇ ತೀರಿಸಿಬಿಡಬೇಕು.

ಮೂರನೆಯ ಪದರ ಹಣ್ಣಿನದು. ಐದು ಏಲಕ್ಕಿ ಬಾಳೆಹಣ್ಣು, ಎರಡು ದಾಳಿಂಬೆ ಹತ್ತು ಭರಣಿಗೆ ಸಾಕು. ಮಾವಿನ ಕಾಲದಲ್ಲಿ ಬಾಳೆಯ ಬದಲಿಗೆ ಎರಡು ದೊಡ್ಡ ಮಾವಿನಹಣ್ಣುಗಳ ಹೋಳು. ಬಾಳೆಹಣ್ಣು ಗಾಳಿ ಸೋಕಿದೊಡನೆ ಕಪ್ಪಾಗುವುದರಿಂದ, ಹೆಚ್ಚಿದ ತಕ್ಷಣ ಕೆಲವು ಹನಿ ಲಿಂಬೆರಸವನ್ನು ಸವರಿರಿ. ಮತ್ತೊಂದು ಸೂಕ್ಷ್ಮವುಂಟು: ಸಿಹಿಯನ್ನೆಲ್ಲ ಮೊಸರಿಗೇ ಹಾಕಬೇಕು, ಹಣ್ಣಿಗೆ ಹಾಕಬಾರದು, ಸಕ್ಕರೆ ಸೋಕಿದ ಹಣ್ಣು ತನ್ನ ನೀರನ್ನೆಲ್ಲ ಹೊರಕ್ಕೆ ಬಿಟ್ಟು, ಅರ್ಧ ಗಂಟೆಯೊಳಗೆ ಮೇಲಿನ ಪದರವನ್ನು ಕೆರೆಯನ್ನಾಗಿ ಮಾಡುತ್ತದೆ. ಕಲ್ಲಂಗಡಿಯಂತಹ ನೀರಿನ ಹಣ್ಣುಗಳು ಈ ಕಾರಣದಿಂದಲೇ ಭರಣಿಗೆ ಒಗ್ಗುವುದಿಲ್ಲ. ನೆನೆಸಿದ ಕಾಮಕಸ್ತೂರಿ ಬೀಜದ ತೆಳುವಾದ ಪದರವೊಂದನ್ನು ಹಣ್ಣಿಗೂ ಮೊಸರಿಗೂ ನಡುವೆ ಹರಡಿದರೆ, ಹಣ್ಣಿನಿಂದ ಒಸರಿದ ಅಲ್ಪಸ್ವಲ್ಪ ರಸವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ಬೇಸಗೆಗೆ ತಂಪೂ ಆಗುತ್ತದೆ.

ಪಪ್ಪಾಯಿಯ ವಿಷಯದಲ್ಲಿ ನಾನು ಪೆಟ್ಟು ತಿಂದು ಕಲಿತ ಪಾಠವನ್ನು ಇಲ್ಲಿ ಬಿಚ್ಚಿ ಹೇಳುವುದು ನನ್ನ ಕರ್ತವ್ಯ. ಮೊಮ್ಮಗಳು ಬೆಂಗಳೂರಿಗೆ ಹಿಂದಿರುಗಿದ ಮೇಲೆ ನಾನೇ ಸ್ವತಃ ಪ್ರಯತ್ನಿಸಬೇಕೆಂದು, ನೆರೆಯ ತೋಟದಿಂದ ಬಂದ ಒಳ್ಳೆಯ ಪಪ್ಪಾಯಿಯನ್ನು ಅರೆದು ಮೊಸರಿನೊಡನೆ ಕಲಸಿ ಬೆಳಗ್ಗೆ ಭರಣಿಗಳನ್ನು ತುಂಬಿಟ್ಟೆ. ಸಂಜೆಗೆ ತೆಗೆದು ನೋಡಿದರೆ ಮೊಸರು ನೀರೊಡೆದು, ನಾಲಗೆಗೆ ಕಹಿಯಾಗಿ, ಎಂಟು ಭರಣಿಗಳಷ್ಟು ಪದಾರ್ಥ ವ್ಯರ್ಥವಾಯಿತು. ಪಪ್ಪಾಯಿಯಲ್ಲಿ ಪಪೈನ್, ಅನಾನಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವಗಳಿದ್ದು, ಅವು ಹಾಲಿನ ಪ್ರೋಟೀನನ್ನು ತುಂಡರಿಸುತ್ತವೆ. ತುಂಡಾದ ಪ್ರೋಟೀನಿನಿಂದಲೇ ಆ ಕಹಿ ಹುಟ್ಟುತ್ತದೆ. ಪಪ್ಪಾಯಿಯ ಕಾಯಲ್ಲಿ ಈ ಗುಣ ಹೆಚ್ಚು, ಕಳಿತ ಹಣ್ಣಿನಲ್ಲಿ ಕಡಿಮೆ. ಆದರೂ ದಿನವಿಡೀ ಮೊಸರಿನ ಸಂಗದಲ್ಲಿ ಬಿಡಬಾರದು. ಇವೆರಡು ಹಣ್ಣುಗಳನ್ನು ಬಳಸಬೇಕೆಂದಿದ್ದರೆ ಮೊಸರಿನೊಡನೆ ಕಲಸದೆ, ಉಣ್ಣುವುದಕ್ಕೆ ಸ್ವಲ್ಪ ಮುಂಚೆ ಹೋಳುಗಳನ್ನು ಮೇಲೆ ಇರಿಸಿರಿ; ಇಲ್ಲವೆ ಹೋಳುಗಳನ್ನು ಒಮ್ಮೆ ಚೆನ್ನಾಗಿ ಕುದಿಸಿ ಆರಿಸಿದರೆ ಕಿಣ್ವದ ಶಕ್ತಿ ಕುಗ್ಗುತ್ತದೆ. ಹಣ್ಣುಹಣ್ಣಿಗೂ ಒಂದೊಂದು ಸ್ವಭಾವವಿರುತ್ತದೆ. ಅದನ್ನರಿತು ನಡೆಸಿಕೊಂಡರೆ ಅದು ನಮಗೆ ಒಲಿಯುತ್ತದೆ.

ಋತುವಿಗೆ ತಕ್ಕಂತೆ ಭರಣಿಯ ನೆತ್ತಿ ಬದಲಾಗುತ್ತಿರಲಿ. ಚೈತ್ರದಿಂದ ಜ್ಯೇಷ್ಠದವರೆಗೆ ಬಾದಾಮಿ, ರಸಪುರಿ ಮಾವು. ರಸಪುರಿ ಹಿಂಡಿದ ರಸಕ್ಕೆ, ಬಾದಾಮಿ ಹೆಚ್ಚಿದ ಹೋಳಿಗೆ ತಕ್ಕುದು. ಕಾರಹುಣ್ಣಿಮೆಯ ಆಚೀಚೆಗೆ ನೇರಳೆ ಬರುತ್ತದೆ. ಬೀಜ ಬಿಡಿಸುವ ತಾಳ್ಮೆಯುಳ್ಳವರಿಗೆ ಅದರ ಊದಾ ಬಣ್ಣವು ಬಿಳಿಯ ಮೊಸರಿನ ಮೇಲೆ ಕೊಡುವ ಚೆಲುವು ಬೇರೆ ಯಾವ ಹಣ್ಣಿನಿಂದಲೂ ಸಿಗದು. ಮಳೆಗಾಲ ಹಿಂದೆ ಸರಿದು ದಸರೆ ದೀಪಾವಳಿಗಳು ಬರುವ ಹೊತ್ತಿಗೆ ಚಿತ್ರದುರ್ಗದ ಕಡೆಯ ಗುಡ್ಡಗಳ ಸೀತಾಫಲ ಸಂತೆಗಿಳಿಯುತ್ತದೆ; ಅದರ ತಿರುಳು ಸ್ವತಃ ಕೆನೆಯಂತಿರುವುದರಿಂದ ಮೊಸರಿಗೆ ಸಿಹಿಯನ್ನು ಅರ್ಧಕ್ಕೆ ಇಳಿಸಬಹುದು. ಚಳಿಗಾಲಕ್ಕೆ ಪೇರಲ, ಕಿತ್ತಳೆ. ಶಿವರಾತ್ರಿಯ ಹೊತ್ತಿಗೆ ವಿಜಯಪುರದ ಕಡೆಯಿಂದ ಬರುವ ದ್ರಾಕ್ಷಿ. ಯಾವುದೂ ಇಲ್ಲದ ದಿನಕ್ಕೆ ಬಾಳೆಯಂತೂ ಇದ್ದೇ ಇದೆ. ಅಕಾಲದಲ್ಲಿ ದೂರದಿಂದ ಬಂದ ದುಬಾರಿ ಹಣ್ಣಿಗೆ ಆಸೆಪಡದೆ, ಆಯಾ ವಾರದ ಸಂತೆಯಲ್ಲಿ ಯಾವುದು ಅಗ್ಗವೋ ಅದನ್ನೇ ಆರಿಸಿಕೊಂಡರೆ ರುಚಿಯೂ ಲಾಭವೂ ಒಟ್ಟಿಗೆ ಕೈಸೇರುತ್ತವೆ.

ಈಗ ಹೇಳುವುದನ್ನು ದಯಮಾಡಿ ಎರಡು ಸಲ ಓದಿರಿ. ತಿರುಪಿನ ಮುಚ್ಚಳವುಳ್ಳ ಗಾಜಿನ ಭರಣಿಗೆ ಅಮೆರಿಕೆಯ ಜಾನ್ ಲ್ಯಾಂಡಿಸ್ ಮೇಸನ್ ಎಂಬಾತ 1858ರಲ್ಲಿ ಪೇಟೆಂಟ್ ಪಡೆದುದು ಹಣ್ಣು ತರಕಾರಿಗಳನ್ನು ತಿಂಗಳುಗಟ್ಟಲೆ ಕಾಪಿಡುವುದಕ್ಕಾಗಿ. ಅಲ್ಲಿ ಪದಾರ್ಥವನ್ನು ಭರಣಿಯೊಡನೆ ಕುದಿಸಿ ಭದ್ರಪಡಿಸುವುದರಿಂದ ಅದು ಕೆಡದೆ ಉಳಿಯುತ್ತದೆ. ನಮ್ಮ ಭರಣಿಯಲ್ಲಿರುವುದಾದರೋ ಬೆಂಕಿ ಕಾಣದ ಹಣ್ಣು ಮತ್ತು ಮೊಸರು. ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ ಅದು ಇದನ್ನು ಕಾಯಲಾರದು, ಶುಚಿ ಮತ್ತು ತಂಪು ಇವೆರಡೇ ಕಾಯತಕ್ಕವು. ಬೇಯಿಸುವ ಅಡುಗೆಯಲ್ಲಿ ನಮ್ಮ ಕೈಯ ಕೊಳೆಯನ್ನು ಬೆಂಕಿ ಕ್ಷಮಿಸುತ್ತದೆ. ಇಲ್ಲಿ ಕ್ಷಮಿಸುವವರು ಯಾರೂ ಇಲ್ಲ. ಆದುದರಿಂದ ಭರಣಿಗಳನ್ನು ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಬಟ್ಟೆಯಿಂದ ಒರೆಸದೆ ಬೋರಲಿಟ್ಟು ಆರಿಸಿರಿ. ಹಣ್ಣನ್ನು ಹೆಚ್ಚುವ ಮುಂಚೆಯೇ ಕುಡಿಯುವ ನೀರಿನಲ್ಲಿ ತೊಳೆಯಿರಿ. ಕೈಗೆ ಸಾಬೂನು, ತಲೆಗೆ ಬಟ್ಟೆ ತಪ್ಪದಿರಲಿ. ನೆಗಡಿ, ಭೇದಿ, ಬೆರಳಿನ ಗಾಯವಿದ್ದವರು ಆ ದಿನ ಲೆಕ್ಕಪತ್ರದ ಕೆಲಸವನ್ನು ವಹಿಸಿಕೊಳ್ಳಲಿ.

ತುಂಬಿದ ಭರಣಿ 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆಯ ತಂಪಿನಲ್ಲಿರಬೇಕು. ಹೊರಗೆ ಎರಡು ಗಂಟೆಗಿಂತ ಹೆಚ್ಚು ಕಾಲ ಇರಬಾರದು, ನಮ್ಮ ವೈಶಾಖದ ಬಿಸಿಲಿನಲ್ಲಿ ಒಂದು ಗಂಟೆಯನ್ನೂ ಮೀರಬಾರದು. ಸಾಗಿಸುವಾಗ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ನಡುವೆ ಇಡಿರಿ. ಒದ್ದೆ ಗೋಣಿ ಸುತ್ತಿದ ಮಣ್ಣಿನ ಗಡಿಗೆ ನಮ್ಮ ಒಣಹವೆಯಲ್ಲಿ ನೀರನ್ನು ಚೆನ್ನಾಗಿ ತಂಪುಮಾಡುತ್ತದೆಂಬುದು ನಿಜವಾದರೂ, ಮೊಸರಿನ ಪದಾರ್ಥವನ್ನು ಕಾಪಿಡುವಷ್ಟು ತಂಪು ಅದರಿಂದ ದೊರೆಯದು, ಅದನ್ನು ನಂಬಬೇಡಿರಿ. ರಾತ್ರಿ ಕರೆಂಟು ಹೋಗಿ ಗಂಟೆಗಟ್ಟಲೆ ಬಾರದಿದ್ದರೆ, ಬೆಳಗ್ಗೆ ಭರಣಿಗಳನ್ನು ಮಾರದೆ, ಉಣಿಸದೆ, ಮನಸ್ಸು ಗಟ್ಟಿಮಾಡಿ ಹೊರಗೆ ಚೆಲ್ಲಿರಿ. ನಷ್ಟವಾದ ಹಣವನ್ನು ಮತ್ತೊಂದು ವಾರ ಗಳಿಸಬಹುದು. ನಮ್ಮ ಕೈಯಿಂದ ಉಂಡ ಬಸುರಿಯೊಬ್ಬಳು, ಮಗುವೊಂದು ಹಾಸಿಗೆ ಹಿಡಿದರೆ ಕಳೆದುಹೋದ ನಂಬಿಕೆಯನ್ನು ಮತ್ತೆ ಗಳಿಸುವುದು ಸಾಧ್ಯವಿಲ್ಲ.

ನಿಮ್ಮಲ್ಲಿ ಕೆಲವರು ಇದನ್ನು ಜೀವನೋಪಾಯವಾಗಿಯೂ ಕೈಗೊಳ್ಳಬಹುದೆಂಬುದು ನನ್ನ ಆಶಯ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಆರಂಭವಾದಾಗ, ಹತ್ತಾರು ರೂಪಾಯಿಯ ವಾರದ ಉಳಿತಾಯವನ್ನು ಸೆರಗಿನ ತುದಿಯಲ್ಲಿ ಗಂಟುಕಟ್ಟಿ ತರುತ್ತಿದ್ದ ನಿಮ್ಮ ಅತ್ತೆಯರನ್ನು ನಾನು ಬಲ್ಲೆ. ಇಂದು ನೀವು ಬ್ಯಾಂಕಿನ ಮುಂದೆ ನಿಂತು ನಿಮ್ಮ ಹಕ್ಕನ್ನು ಕೇಳಬಲ್ಲಿರಿ. ಮಾರುವುದಾದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ಎಷ್ಟೇ ಸಣ್ಣ ವ್ಯಾಪಾರವಾದರೂ ನೋಂದಣಿ ಮಾಡಿಸಿ, 14 ಅಂಕಿಗಳ ಆ ಸಂಖ್ಯೆಯನ್ನು ಭರಣಿಯ ಚೀಟಿಯ ಮೇಲೆ ಬರೆಯಬೇಕು. ಅದರ ಜೊತೆಗೆ ಪದಾರ್ಥಗಳ ಹೆಸರು, ತೂಕ, ತಯಾರಿಸಿದ ದಿನ, ತಿಂದು ಮುಗಿಸಬೇಕಾದ ದಿನ, ಸಂಘದ ವಿಳಾಸ, ಸಸ್ಯಾಹಾರದ ಹಸುರು ಗುರುತು ಇವೆಲ್ಲವೂ ಇರಲಿ. ಶೇಂಗಾ ಮತ್ತು ಹಾಲು ಕೆಲವರ ದೇಹಕ್ಕೆ ಒಗ್ಗುವುದಿಲ್ಲವಾದ ಕಾರಣ ಅವೆರಡರ ಹೆಸರನ್ನು ಎದ್ದು ಕಾಣುವಂತೆ ಬರೆಯಿರಿ.

ಬೆಲೆಯನ್ನು ಕಟ್ಟುವಾಗ ಹಣ್ಣು, ಮೊಸರು, ಬೆಲ್ಲ, ಮಂಜುಗಡ್ಡೆ, ಆಟೋ ಬಾಡಿಗೆ ಇವುಗಳನ್ನೆಲ್ಲ ಪೈಸೆ ಬಿಡದೆ ಬರೆದು, ಕಡೆಗೆ ನಿಮ್ಮ ಕೈಕೆಲಸದ ಕೂಲಿಯನ್ನು ಸೊನ್ನೆಯೆಂದು ಬಿಟ್ಟುಬಿಡುವುದು ನಮ್ಮ ಹೆಣ್ಣುಮಕ್ಕಳಿಗೆ ರೂಢಿಯಾಗಿದೆ. ಹೊಲದಲ್ಲಿ ಕಳೆ ತೆಗೆದರೆ ಎಷ್ಟು ಕೂಲಿ ಬರುತ್ತಿತ್ತೋ, ಭರಣಿ ತುಂಬಿದ ಗಂಟೆಗಳಿಗೂ ಅಷ್ಟನ್ನಾದರೂ ಲೆಕ್ಕಕ್ಕೆ ಹಿಡಿಯಿರಿ. ಗಾಜಿನ ಭರಣಿ ದುಬಾರಿಯೆಂದು ಹೆದರಬೇಕಾಗಿಲ್ಲ. ನಮ್ಮೂರಿನಲ್ಲಿ ಗೋಲಿ ಸೋಡಾದ ಸೀಸೆಗಳು ಅಂಗಡಿಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಅಂಗಡಿಗೆ ವರುಷಗಟ್ಟಲೆ ಓಡಾಡುತ್ತಿದ್ದುದನ್ನು ನೀವು ಕಂಡಿದ್ದೀರಿ. ಭರಣಿಗೊಂದು ಠೇವಣಿ ಹಿಡಿದು, ಬರಿದಾದುದನ್ನು ತಂದವರಿಗೆ ಮರಳಿಸಿದರೆ, ಒಂದೇ ಭರಣಿ ಹತ್ತಾರು ಸೀಮಂತ ಗೃಹಪ್ರವೇಶಗಳನ್ನು ಕಾಣಬಲ್ಲದು. ಬಾಯಿಯ ಅಂಚು ಚಕ್ಕೆಯೆದ್ದ ಭರಣಿಯನ್ನು ಮಾತ್ರ ಯಾವ ಮೋಹವೂ ಇಲ್ಲದೆ ಎಸೆದುಬಿಡಿರಿ. ಪ್ಲಾಸ್ಟಿಕ್ಕಿನ ಲೋಟಗಳಿಗೆ ಮರುಳಾಗಬೇಡಿರಿ; ನಮ್ಮ ಕೆರೆಗಳಿಗೆ ಬಹುಕಾಲದ ಮೇಲೆ ನೀರು ಬಂದಿದೆ, ಅದರ ಅಂಚಿನಲ್ಲಿ ನಮ್ಮ ಎಂಜಲಿನ ಲೋಟಗಳು ತೇಲುವುದು ಬೇಡ.

ಮೊದಲು ಹೇಳಿದ ಸಮಪಾಲಿನ ವಿಚಾರ ಈ ಊರಿಗೆ ಹೊಸದಾಗಿ ಬಂದುದಲ್ಲ. ಸಿರಿಗೆರೆಯ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳು 1950ರಲ್ಲಿ ತರಳಬಾಳು ಹುಣ್ಣಿಮೆಯ ಮಹೋತ್ಸವವನ್ನು ಆರಂಭಿಸಿದುದು ಇದೇ ಜಗಳೂರಿನಲ್ಲಿ. ಮಾಘ ಮಾಸದ ಆ ಉತ್ಸವದಲ್ಲಿ ಸಾವಿರಾರು ಮಂದಿ ಒಂದೇ ದಾಸೋಹದಲ್ಲಿ ಸಾಲುಸಾಲಾಗಿ ಕುಳಿತು ಉಣ್ಣುವುದನ್ನು ನೀವೆಲ್ಲರೂ ಕಂಡಿದ್ದೀರಿ. ಬಂದವರು ಯಾರೆಂದು ಕೇಳದೆ ಎಲ್ಲರಿಗೂ ಅನ್ನವಿಡುವ ಆ ಧರ್ಮ ಊರ ಮೈದಾನದಲ್ಲಿ ನೆಲೆನಿಂತಿದೆ. ನಮ್ಮ ಮನೆಗಳ ಅಡುಗೆಕೋಣೆಯ ಹೊಸಿಲನ್ನು ಅದು ಇನ್ನೂ ಪೂರ್ತಿಯಾಗಿ ದಾಟಿಲ್ಲ. ಮನೆಯ ಗಂಡಸರಿಗೆ ಕರುಣೆಯಿಲ್ಲವೆಂದು ನಾನು ಹೇಳುತ್ತಿಲ್ಲ. ಕೊಳಗದ ತಳ ಅವರ ಕಣ್ಣಿಗೆ ಬಿದ್ದಿಲ್ಲ, ನಾವು ಬೀಳಗೊಟ್ಟೂ ಇಲ್ಲ. “ನಂದು ಆತು” ಎಂಬ ಎರಡು ಮಾತುಗಳ ಮರೆಯಲ್ಲಿ ನಮ್ಮ ತಾಯಂದಿರು ಎಷ್ಟು ಹಸಿವನ್ನು, ಎಷ್ಟು ಆಸೆಯನ್ನು ಅಡಗಿಸಿಟ್ಟರೆಂಬುದನ್ನು ಅವರಲ್ಲದೆ ಯಾರೂ ಬಲ್ಲವರಿಲ್ಲ. ನನ್ನ ತಾಯಿ ತೀರಿಕೊಂಡು ಬಹಳ ವರ್ಷಗಳಾದುವು. ಅವಳಿಗೆ ರಸಾಯನವೆಂದರೆ ಇಷ್ಟವಿದ್ದಿತೋ ಇಲ್ಲವೋ ಎಂಬುದನ್ನು ಕೂಡ ನಾನು ತಿಳಿಯದೆ ಹೋದೆನೆಂಬುದು ಈ ವಯಸ್ಸಿನಲ್ಲಿಯೂ ನನ್ನನ್ನು ನೋಯಿಸುತ್ತದೆ.

ಆದುದರಿಂದ, ಸೋದರಿಯರೆ, ಭರಣಿ ತುಂಬಲು ಕುಳಿತಾಗ ಮೊದಲನೆಯದನ್ನು ನಿಮಗಾಗಿಯೇ ತುಂಬಿಕೊಳ್ಳಿರಿ. ಮುಚ್ಚಳದ ಮೇಲೆ ನಿಮ್ಮ ಹೆಸರನ್ನು ಬರೆದು ಫ್ರಿಜ್ಜಿನ ಹಿಂಬದಿಗೆ ಸರಿಸಿಡಿರಿ. ಎಲ್ಲರ ಊಟ ಮುಗಿದ ಮೇಲೆ ಅಡುಗೆಕೋಣೆಯಲ್ಲಿ ನಿಂತುಕೊಂಡು ತಿನ್ನದೆ, ಹೊರಗೆ ಪಡಸಾಲೆಗೆ ಬಂದು, ಮಕ್ಕಳ ಕಣ್ಣೆದುರಿಗೆ ಕುಳಿತು, ತಳದ ಶೇಂಗಾದವರೆಗೂ ಚಮಚ ಇಳಿಸಿ ತಿನ್ನಿರಿ. ನಿಮ್ಮ ಹೆಣ್ಣುಮಕ್ಕಳು ಅದನ್ನು ನೋಡಲಿ, ಗಂಡುಮಕ್ಕಳೂ ನೋಡಲಿ.

ನಿಮ್ಮ ಸಂಘದ ಸಭೆಗೆ ಕರೆದರೆ, ಹೇಳಿದುದನ್ನೆಲ್ಲ ಮಾಡಿ ತೋರಿಸಲು ನಾನು ಸಂತೋಷದಿಂದ ಬರುವೆನು. ಬಟ್ಟೆ, ಜರಡಿ, ಕುದಿಸಿ ಆರಿಸಿದ ಭರಣಿಗಳನ್ನು ನಾನೇ ತರುತ್ತೇನೆ. ಮೊಸರು, ಶೇಂಗಾ, ಆ ವಾರದ ಹಣ್ಣು ನಿಮ್ಮವಾಗಿರಲಿ. ಎಷ್ಟು ಮಂದಿ ಕೂಡುವಿರೆಂಬುದನ್ನು ಮಾತ್ರ ಮುಂಚಿತವಾಗಿಯೇ ತಿಳಿಸಿರಿ; ಸಭೆಗೆ ಚಹಾ ಮಾಡಿಕೊಡುವವಳನ್ನೂ, ಸಭೆ ಮುಗಿದ ಮೇಲೆ ಕಸ ಗುಡಿಸುವವಳನ್ನೂ ಎಣಿಕೆಗೆ ಸೇರಿಸಿ ತಿಳಿಸಿರಿ.

ಇತಿ ನಿಮ್ಮ ಶ್ರೇಯಸ್ಸನ್ನು ಬಯಸುವ,
ನಿಮ್ಮೂರಿನ ನಿವೃತ್ತ ಶಾಲಾ ಶಿಕ್ಷಕಿ